ಊರ ಹಾಲು ಕುಡಿದವರು

ನಮ್ಮ ಡಾಕ್ಟರಬಾಯಿಯವರನ್ನು ಬನಹಟ್ಟಿಯಿಂದ ಬೀಳ್ಕೊಟ್ಟ ದಿನ ನಾನೂ ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತಿದ್ದೆ. ಅವರ ಬೆಳಗಿನ ನಡಿಗೆಯ ಗುಂಪಿಗೆ ಸೇರಿ ಮೈ ಇಳಿಸಿಕೊಂಡವರ ಫೋಟೋಗಳನ್ನು ಗೋಡೆಗೆ ಹಚ್ಚಿದ್ದರು. ಮೊದಲು ಹೀಗಿದ್ದರು, ಆಮೇಲೆ ಹೀಗಾದರು ಎಂದು ಜೋಡಿ ಜೋಡಿ. ನನ್ನದೂ ಒಂದಿತ್ತು. ಮೊದಲಿನದರಲ್ಲಿ ನಾನು ನೂಲಿನ ಗಂಟಿಗೆ ಸೀರೆ ಉಡಿಸಿದ ಹಾಗೆ ಕಾಣುತ್ತೇನೆ ಎಂದು ಪಕ್ಕದಲ್ಲಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ನಗುತ್ತಲೇ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದೆ. ಒಬ್ಬರು ಇರಲಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಮೈ ಅವರದಾಗಿತ್ತು. ಒಂದು ಕಾಲಕ್ಕೆ ಎಲ್ಲರಿಗಿಂತ ಹೆಚ್ಚು ಇಳಿಸಿದವರೂ ಅವರೇ. ಭಾಷಣ ಮಾಡಿದವರ ಬಾಯಲ್ಲಿ ಅವರ ಸುದ್ದಿ ಬರಲಿಲ್ಲ. ಡಾಕ್ಟರಬಾಯಿ ಮಾತ್ರ ಮೈಕಿನ ಮುಂದೆ ನಿಂತಾಗ ಆ ಗೋಡೆಯ ಕಡೆ ಒಮ್ಮೆ ತಿರುಗಿದರು. ಏನೋ ಹೇಳುವವರಿದ್ದರು. ನೀರು ಕುಡಿದು ಬೇರೆ ಮಾತಿಗೆ ಹೋದರು.

ಅವರು ಹೇಳದೆ ಬಿಟ್ಟದ್ದನ್ನು ನಾನು ಇಲ್ಲಿ ಹೇಳುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೂ ಗುರುತು ಹತ್ತಲಿಕ್ಕಿಲ್ಲ, ಯಾಕೆಂದರೆ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಓಣಿಗೆಲ್ಲ ಅವರು ಪೈಲ್ವಾನರು. ಹೆಂಡತಿಗೆ ‘ಅವ್ರು’. ಅಷ್ಟೇ.

ನಮ್ಮದು ನೇಕಾರರ ಮನೆ. ಕೈಮಗ್ಗ ಇದ್ದಾಗ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿದವಳು ನಾನು. ಪಾವರಲೂಮು ಬಂದ ಮೇಲೆ ತುಳಿಯುವ ಕೆಲಸ ಕರೆಂಟಿಗೆ ಹೋಯಿತು. ಕೂತಲ್ಲೇ ಕೂತು ಕಂಡಕಿಗೆ, ಲಾಳಿಯೊಳಗಿನ ಸಣ್ಣ ಉರುಳೆಗೆ, ನೂಲು ಸುತ್ತುವುದು ನನ್ನ ಪಾಲಿಗೆ ಬಂತು. ತುಳಿಯುವುದು ನಿಂತಿತು, ಉಣ್ಣುವುದು ನಿಲ್ಲಲಿಲ್ಲ. ಅದೇ ದಿನಗಳಲ್ಲಿ ನಮ್ಮ ಓಣಿಯ ತುದಿಯ ನೂಲಿನ ಗೋದಾಮಿಗೆ ಅವರು ಕಾವಲಿಗೆ ಬಂದರು. ಬೀಳಗಿ ತಾಲೂಕಿನ ಕಡೆಯವರು. ಕೃಷ್ಣೆಯ ದಂಡೆಯ ಅವರ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿ, ಊರಿನ ಜನ ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿ ಹೋಗಿದ್ದರು. ಮೂರರಲ್ಲಿ ಯಾವುದಕ್ಕೂ ಹೋಗದೆ ಗಂಡಹೆಂಡತಿ ಇಬ್ಬರೇ ನಮ್ಮ ಕಡೆ ಬಂದಿದ್ದರು.

ಅವರು ಗೋದಾಮಿನ ಬಾಗಿಲಲ್ಲಿ ಕುಳಿತರೆ ಬಾಗಿಲು ಮುಚ್ಚಿದ ಹಾಗೆಯೇ. ಮಾಲಕರು ಈಗೀಗ ಕೀಲಿ ಹಾಕುವುದನ್ನೇ ಮರೆತಿದ್ದಾರೆ ಎಂದು ಹಮಾಲರು ಚೇಷ್ಟೆ ಮಾಡುತ್ತಿದ್ದರು. ಕುಸ್ತಿಯಲ್ಲಿ ಹಿಸುಕಿ ಹಿಸುಕಿ ಕಿವಿಗಳೆರಡೂ ಮುದುಡಿ ಒಣ ಅಂಜೂರದ ಹಾಗೆ ಆಗಿದ್ದವು. ಇಷ್ಟು ದೊಡ್ಡ ಮೈಯಿಂದ ಹೊರಡುವ ದನಿ ಮಾತ್ರ ಸಣ್ಣದು, ಹೊಸದಾಗಿ ಕನ್ನಡ ಸಾಲಿಗೆ ಸೇರಿದ ಹುಡುಗನ ದನಿಯ ಹಾಗೆ. ಯಾರದಾದರೂ ಮನೆಗೆ ಹೋದರೆ ‘ಕುಂಡ್ರಿ’ ಎಂದ ಕೂಡಲೆ ಕೂಡುತ್ತಿರಲಿಲ್ಲ. ಕುರ್ಚಿಯನ್ನು ಮೊದಲು ಅಂಗೈಯಿಂದ ಒತ್ತಿ ನೋಡುವರು, ಎತ್ತಿನ ಬೆನ್ನು ಸವರುವ ಹಾಗೆ. ತಾಳುವ ಭರವಸೆ ಬಂದರೆ ಕೂಡುವರು, ಇಲ್ಲದಿದ್ದರೆ ‘ನಿಂತ್ರ ಛಲೋ ಆಗ್ತೈತ್ರಿ, ಊಟ ಭಾಳ ಆಗೇತಿ’ ಎಂದು ಏನಾದರೂ ನೆಪ. ಡಾಕ್ಟರಬಾಯಿಯ ದವಾಖಾನೆಯಲ್ಲಿ ಒಮ್ಮೆ ಹೀಗೆ ಒತ್ತಿ ನೋಡಿ ಕುಳಿತರೂ ಪ್ಲಾಸ್ಟಿಕ್ ಕುರ್ಚಿ ಮೋಸ ಮಾಡಿತು. ಬಿದ್ದವರನ್ನು ಎತ್ತಲು ಕಂಪೌಂಡರ್ ಓಡಿ ಬಂದ. ಬಂದವನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಸುತ್ತ ತಿರುಗಿದ. ಮರುದಿನ ಪೈಲ್ವಾನರು ಗೋದಾಮಿನ ಕಬ್ಬಿಣದ ಕುರ್ಚಿಯೊಂದನ್ನು ಹೆಗಲ ಮೇಲೆ ಹೊತ್ತುಕೊಂಡೇ ದವಾಖಾನೆಯ ಪಾಳಿಗೆ ಬಂದು ನಿಂತರು.

ಅವರ ಹೆಂಡತಿಯನ್ನು ನಾನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಿದ್ದೆ. ಗುಬ್ಬಿಯಂಥ ಹೆಂಗಸು. ಗಂಡನ ಪಕ್ಕದಲ್ಲಿ ನಿಂತರೆ ಅವರ ನೆರಳಿನೊಳಗೆ ಪೂರಾ ಹಿಡಿಸಿಬಿಡುತ್ತಿದ್ದರು. ಒಂದು ಮಧ್ಯಾಹ್ನ ಅವರ ಅಡಿಗೆಮನೆಯಲ್ಲಿ ಕೂತು ಶೇಂಗಾ ಸುಲಿಯುತ್ತ, ಪೈಲ್ವಾನರು ಮೊದಲಿನಿಂದಲೂ ಇಷ್ಟೇ ದಪ್ಪವೇ ಎಂದು ಕೇಳಿದೆ.

“ಅದು ಅವ್ರ ಮೈ ಅಲ್ಲ ತಂಗೆವ್ವಾ, ಊರ ಮೈ,” ಎಂದರು ವೈನಿ. “ನಾ ಮದವಿ ಆಗಿ ಬಂದ ಮರುದಿನ ನಸಿಕ್ಲೆ ಬಾಗಲಾ ತಗದೆ, ಕಟ್ಟಿ ಮ್ಯಾಲ ಹಾಲಿನ ತಂಬಿಗಿ ಸಾಲ. ದಿನಾ ಒಂದೊಂದ ಓಣಿದು ಪಾಳಿ. ಊರಿಗೊಬ್ಬ ಪೈಲ್ವಾನ, ಅವನ ಖುರಾಕ ಊರಂದು. ಕಾಸಾಕಿ ನಾ, ಕುಡ್ಯಾವ್ರು ಅವ್ರು. ಕೆನಿಗೆ ಬೆರಳ ಹಚ್ಚಿ ನೆಕ್ಕೂ ಹಂಗಿರಲಿಲ್ಲ ನಾ. ಊರ ಹಾಲ ಪೈಲ್ವಾನನ ಹೊಟ್ಟಿಗೆ ಅಷ್ಟ. ಮನಿ ಮಂದಿ ಕುಡದ್ರ ಪಾಪಂತ.”

“ಖರೇನ ವೈನಿ?”

“ಇನ್ನೊಂದ ಹೇಳ್ತೀನಿ, ನಗಬ್ಯಾಡ. ಲಂಗೋಟಿ ಬಿಗದ ಪೈಲ್ವಾನ ಹೆಣ್ತಿ ಮಗ್ಗಲಕ ಬರಬಾರದಲ್ಲ. ಅವ್ರು ಗರಡಿಮನ್ಯಾಗ ಮಲಗೂದು, ನಾ ಅತ್ತಿ ಜೋಡಿ ಪಡಸಾಲ್ಯಾಗ. ಹಿರ್ಯಾರು ನನ್ನ ಕರದ ಹೇಳಿದ್ರು, ‘ಯವ್ವಾ, ಇನ್ನ ನಾಕ ವರ್ಷ ತಡಕೋ, ಊರ ಹೆಸರಿನ ಮಾತೈತಿ’ ಅಂತ. ನಾಕ ಹೋಗಿ ಎಂಟಾತು. ಎಂಟ ಹೋಗಿ ಮತ್ತೆಷ್ಟೋ. ಅವ್ರು ಲಂಗೋಟಿ ಬಿಚ್ಚಿದ ವರ್ಷ ಊರಾಗ ನೀರ ಬಂತು.”

ನಗಬೇಡ ಎಂದವರು ತಾವೇ ನಕ್ಕರು. ಮಕ್ಕಳಿರಲಿಲ್ಲ ಅವರಿಗೆ. ನಾನು ಶೇಂಗಾದ ಸಿಪ್ಪೆ ಬಳಿಯುತ್ತ ಕೂತೆ.

ಊರು ಬಿಡುವಾಗ ಗರಡಿಮನೆಯ ಮಣ್ಣನ್ನು ಟ್ರ್ಯಾಕ್ಟರಿಗೆ ಹೇರಿ ಮೂರರಲ್ಲಿ ಒಂದು ಕೇಂದ್ರಕ್ಕೆ ಒಯ್ದಿದ್ದರಂತೆ. ಎಷ್ಟೋ ತಲೆಮಾರಿನವರು ಎಣ್ಣೆ, ಅರಿಷಿಣ, ಮಜ್ಜಿಗೆ ಉಣಿಸಿ ಮೆತ್ತಗೆ ಮಾಡಿದ ಕೆಂಪು ಮಣ್ಣು. ಸೂರಿಲ್ಲದೆ ಅದು ಬಯಲಲ್ಲೇ ಬಿದ್ದಿತ್ತು. ಮೊದಲ ಮಳೆಗೆ ಅರ್ಧ ಹರಿದು ಹೋಯಿತು, ಉಳಿದದ್ದರ ಮೇಲೆ ಹುಲ್ಲು ಬಂತು. ಅಲ್ಲಿಗೆ ಪೈಲ್ವಾನರ ಸಾಮು ನಿಂತಿತು. ಖುರಾಕು ನಿಲ್ಲಲಿಲ್ಲ. ಊರಿನವರು ಬನಹಟ್ಟಿಯ ಸಂತೆಗೋ ಆಸ್ಪತ್ರೆಗೋ ಬಂದರೆ ಪೈಲ್ವಾನರ ಮನೆಗೆ ಒಂದು ಕ್ಯಾನು ಹಾಲು, ಒಂದು ಡಬ್ಬಿ ತುಪ್ಪ ಕೊಡದೆ ತಿರುಗಿ ಬಸ್ಸು ಹತ್ತುತ್ತಿರಲಿಲ್ಲ.

ಡಾಕ್ಟರಬಾಯಿ ಧಾರವಾಡದ ಕಡೆಯವರು. ನಮ್ಮಂಥ ಕೂತು ಬೆಳೆದ ಮೈಗಳನ್ನು ಕಂಡು ಕಂಡು ಬೇಸತ್ತು ಗುಂಪು ಕಟ್ಟಿದ್ದರು. ಬೆಳಕು ಹರಿಯುವ ಮೊದಲೇ ರಬಕವಿ ರಸ್ತೆಗೆ ಬಿರುಸಿನ ನಡಿಗೆ, ತಿರುಗಿ ಬಂದು ಸಾಲಿಯ ಕಟ್ಟೆಯ ಮೇಲೆ ಸುತ್ತುಗಟ್ಟಿ ಕೂತು ಮಾತು. ನಿನ್ನೆ ಏನು ತಿಂದಿರಿ, ತಿನ್ನುವಾಗ ಮನಸ್ಸಿನಲ್ಲಿ ಏನಿತ್ತು ಎಂದು ಒಬ್ಬೊಬ್ಬರೂ ಹೇಳಬೇಕು. “ನಡಿಗಿ ಒಂದ ಕೈ, ಮಾತ ಇನ್ನೊಂದ ಕೈ. ಒಂದ ಕೈಲೆ ನೂಲಿನ ಗಂಟ ಎತ್ತಾಕ ಬರ್ತೈತೇನ್ರಿ?” ಎನ್ನುತ್ತಿದ್ದರು. ನಡಿಗೆಗೆ ಜನ ಒಪ್ಪಿದರು. ಮಾತಿಗೆ ಗಂಡಸರು ಹೆದರಿದರು. “ಉಣ್ಣೂವಾಗ ಮನಸಿನ್ಯಾಗ ಏನ್ ಇರ್ತೈತ್ರೀ ಬಾಯಾರ, ಇನ್ನೊಂದ ರೊಟ್ಟಿ ಐತೋ ಇಲ್ಲೋ ಅನ್ನೂದ ಇರ್ತೈತಿ,” ಎಂದು ಅರಿವೆ ವ್ಯಾಪಾರದ ಸಾಹುಕಾರರೊಬ್ಬರು ಅಂದದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಹಿಡಿಯಲು ಎಲ್ಲರಿಗೂ ಬೇಕಾದಷ್ಟಿತ್ತು.

ಪೈಲ್ವಾನರನ್ನು ಗುಂಪಿಗೆ ಎಳೆದು ತಂದದ್ದು ವೈನಿ. ಮೆಟ್ಟಿಲು ಹತ್ತುವಾಗ ಅವರಿಗೆ ಉಸಿರು ಕಟ್ಟತೊಡಗಿತ್ತು, ಕಾಲು ಬಾತಿದ್ದವು. ದವಾಖಾನೆಯ ತೂಕದ ಮಷಿನಿನ ಮುಳ್ಳು ಕೊನೆಗೆ ಹೋಗಿ ಬಡಿದು ನಿಂತಿತು. ಕಡೆಗೆ ಗೋದಾಮಿನಲ್ಲಿ ನೂಲಿನ ಗಂಟು ತೂಗುವ ಕಾಟಾದ ಮೇಲೆ ನಿಲ್ಲಿಸಿದರು. “ಪೈಲ್ವಾನ್ರ, ಯಾವ ನಂಬರಿನ ನೂಲ ಅಂತ ಬರಕೊಳ್ಳೂಣ್ರಿ?” ಎಂದ ಹಮಾಲನಿಗೆ ಅವರೂ ನಕ್ಕರು. ಡಾಕ್ಟರಬಾಯಿ ನಗಲಿಲ್ಲ. ಗಂಡಹೆಂಡತಿಯನ್ನು ಮೀರಜಿನ ದೊಡ್ಡ ಆಸ್ಪತ್ರೆಗೆ ತಾವೇ ಕರೆದುಕೊಂಡು ಹೋದರು. ತಿರುಗಿ ಬಂದ ಮೇಲೆ ನನ್ನ ಎದುರಿಗೇ ಹೇಳಿದರು:

“ಪೈಲ್ವಾನ್ರ, ನಿಮ್ಮ ಎದಿ ಇಷ್ಟ ದೊಡ್ಡ ಮೈಗೆ ರಕ್ತಾ ಹೊಡದು ಹೊಡದು ದಣದ ಹೋಗೇತಿ. ಮೈ ಇಳಸಿದ್ರ ಇನ್ನೂ ಭಾಳ ವರ್ಷ ಬಡೀತೈತಿ. ಇಲ್ಲಂದ್ರ ವರ್ಷ, ಎರಡ ವರ್ಷ. ಅಷ್ಟ ಅಂದಾರ ಅಲ್ಲೆ.”

ಪೈಲ್ವಾನರು ನೆಲ ನೋಡುತ್ತಿದ್ದರು. ವೈನಿ ಅವರ ಪರವಾಗಿ ಹೇಳಿದರು: “ಇಳಸ್ತಾರ್ರೀ. ಇಳಸದ ಎಲ್ಲಿ ಹೊಕ್ಕಾರ?”

ನಾನು, ಅವರು ಒಂದೇ ಜೋಡಿ. ಇಬ್ಬರೂ ಹಿಂದೆ ಬೀಳುವವರು. ಬಿರುಸಾಗಿ ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದು ಸರಿಯಾದ ವೇಗ ಎಂದು ಡಾಕ್ಟರಬಾಯಿ ಅಳತೆ ಕೊಟ್ಟಿದ್ದರು. ನನಗೆ ಎರಡೂ ಬರುತ್ತಿದ್ದವು. ಅವರಿಗೆ ಎರಡೂ ಬರುತ್ತಿರಲಿಲ್ಲ. ಏದುಸಿರಿನ ನಡುವೆ ಒಮ್ಮೆ ನಿಂತು, “ತಂಗಿ, ನನ್ನ ಕಾಲಿಗಿಂತಾ ನಿನ್ನ ಬಾಯಿಗ ಛಲೋ ಕಸರತ್ತ ಆಗಾಕತ್ತೈತಿ,” ಎಂದರು. ಅದು ಆ ವಾರ ಅವರು ಆಡಿದ ಒಂದೇ ಮಾತು ಇರಬೇಕು. ಕಟ್ಟೆಯ ಮೇಲಿನ ಸುತ್ತಿನಲ್ಲಂತೂ ಅವರ ಪಾಳಿ ಬಂದಾಗ ‘ಎಲ್ಲಾ ಛಲೋ ಐತ್ರಿ’ ಎಂದು ಕೈ ಮುಗಿದು ಮುಂದಿನವರ ಕಡೆ ನೋಡುವರು.

ಎರಡು ತಿಂಗಳು ತಪ್ಪದೆ ನಡೆದರು. ಕಾಟಾದ ಮೇಲೆ ನಿಂತರೆ ಮೈ ಇಳಿದಿರಲಿಲ್ಲ, ಏರಿತ್ತು.

ಡಾಕ್ಟರಬಾಯಿಗೆ ತಲೆ ಕೆಟ್ಟಿತು. ಯಂತ್ರ ನೋಡಿದರು, ಗುಳಿಗೆ ನೋಡಿದರು, ಕಾಲಿನ ಬಾವು ಒತ್ತಿ ನೋಡಿದರು. ಕಾರಣ ನನಗೆ ತಿಳಿದದ್ದು ವೈನಿಯ ಅಡಿಗೆಮನೆಗೆ ಹೋದಾಗ. ಕಾಲಿಡಲು ಜಾಗವಿರಲಿಲ್ಲ. ಹಾಲಿನ ಕ್ಯಾನುಗಳು, ತುಪ್ಪದ ಡಬ್ಬಿಗಳು, ಒಂದು ಬುಟ್ಟಿ ತತ್ತಿ, ಬಾದಾಮಿಯ ಚೀಲ.

“ಏನ್ ವೈನಿ, ಮದವಿ ಐತೇನ ಮನ್ಯಾಗ?”

“ಮದವಿ ಅಲ್ಲವ್ವಾ, ಹುಚ್ಚ,” ಎಂದರು. ಅವರ ಊರಿನವನೊಬ್ಬ ನಸುಕಿನ ಬಸ್ಸಿನಲ್ಲಿ ಹೋಗುವಾಗ, ಪೈಲ್ವಾನರು ಬನಿಯನ್ ಹಾಕಿ, ಧೋತರ ಮೇಲೆ ಕಟ್ಟಿ, ಬೆವರು ಸುರಿಸುತ್ತ ರಬಕವಿ ರಸ್ತೆಯಲ್ಲಿ ಹೊರಟದ್ದನ್ನು ಕಿಟಕಿಯಿಂದ ಕಂಡಿದ್ದ. ಮೂರೂ ಕೇಂದ್ರಗಳಿಗೆ ಸುದ್ದಿ ಹೋಯಿತು: ನಮ್ಮ ಪೈಲ್ವಾನ ಮತ್ತ ಸಾಮಿಗೆ ನಿಂತಾನ! ಊರು ಮುಳುಗಿದ ಮೇಲೆ ಅವರಿಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ ಅದೇ ಇರಬೇಕು. ಸಾಮು ಮಾಡುವ ಮೈಗೆ ಊರು ಹಾಲು ಕೊಡಬೇಕು. ಕೊಟ್ಟರು. ಪಾಳಿ ಹಚ್ಚಿ, ಬಸ್ಸಿನ ಮೇಲೆ ಕ್ಯಾನು ಏರಿಸಿ ಕೊಟ್ಟರು. ಪೈಲ್ವಾನರ ತಿಳುವಳಿಕೆಯೂ ಅದೇ ಗರಡಿಯದು: ಮೈ ದಣಿಸಿದ ಮೇಲೆ ಖುರಾಕು ಕೊಡದಿದ್ದರೆ ಮೈ ಶಾಪ ಹಾಕುತ್ತದೆ. ನಡೆದು ಬಂದು ಬಾದಾಮಿ ಅರೆದ ಥಂಡಾಯಿ ಕುಡಿಯುತ್ತಿದ್ದರು, ಚೊಂಬು ಚೊಂಬು.

ನಾನು ಹೇಳುವ ಕೆಲಸವಿರಲಿಲ್ಲ. ಮರುದಿನ ಕಟ್ಟೆಯ ಮೇಲೆ ಡಾಕ್ಟರಬಾಯಿ ನೇರವಾಗಿ ಕೇಳಿದಾಗ ಅವರೇ ಸಣ್ಣ ದನಿಯಲ್ಲಿ ಎಲ್ಲ ಹೇಳಿದರು. ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಸಾಹುಕಾರರು ನಗಲು ಬಾಯಿ ತೆರೆದವರು ಡಾಕ್ಟರಬಾಯಿಯ ಮುಖ ನೋಡಿ ಮುಚ್ಚಿದರು.

“ಬ್ಯಾಡ ಅನ್ರಿ ಪೈಲ್ವಾನ್ರ. ಒಂದ ಮಾತ. ಒಲ್ಲೆ ಅಂದ್ರಾತು.”

“ಹ್ಯಾಂಗ ಅನ್ನಲ್ರೀ ಬಾಯಾರ?” ಎಂದರು ಪೈಲ್ವಾನರು. ಆಮೇಲೆ ಹೇಳಿದರು: “ಮುಧೋಳದಾಗ ಒಂದ ಕುಸ್ತಿ ಸೋತ್ನಿ. ಹಿಡದ ಮೂರ ಪಟ್ಟಿಗೆ ಬೆನ್ನ ಮಣ್ಣ ಕಂಡಿತು. ಊರಿಗೆ ಊರ ಬಂದಿತ್ತ ನೋಡಾಕ. ಮುಖಾ ಮುಚಕೊಂಡ ತಿರಗಿ ಬಂದ ಗರಡಿಮನ್ಯಾಗ ಬಿದ್ದೆ. ನಾಳಿಂದ ಹಾಲ ಯಾರ ಕೊಡ್ತಾರ ಅಂದಕೊಂಡಿದ್ನಿ. ಬೆಳಕ ಹರದ ಮ್ಯಾಲ ಬಾಗಲಾ ತಗದ್ರ ಕಟ್ಟಿ ತುಂಬಿತ್ರೀ. ಪಾಳಿ ಇಲ್ಲದ ಮನ್ಯಾರೂ ತಂದ ಇಟ್ಟಿದ್ರು. ಒಬ್ಬಾಕೀ, ಗಂಡ ಸತ್ತಾಕಿ, ಒಂದ ಆಡ ಇತ್ತ ಆಕಿಗೆ. ಒಂದ ಬಟ್ಟಲ ಆಡಿನ ಹಾಲ ಇಟ್ಟಿದ್ಲು.” ಅಂಗೈಯನ್ನು ಬಟ್ಟಲಿನಂತೆ ಮಾಡಿ ತೋರಿಸಿದರು. ಎಷ್ಟು ಸಣ್ಣ ಬಟ್ಟಲೆಂದರೆ ಆ ದೊಡ್ಡ ಅಂಗೈಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. “ಅವ್ರಿಗೆ ಒಲ್ಲೆ ಅನ್ನೂದ ಈ ಬಾಯಿಗೆ ಬರೂದಿಲ್ಲ.”

ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಡಾಕ್ಟರಬಾಯಿ ಆಮೇಲೆ ದಿನಾ ಅವರನ್ನೊಬ್ಬರನ್ನೇ ಕೂಡಿಸಿಕೊಂಡು ಮಾತಾಡತೊಡಗಿದರು. ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ. ಒಮ್ಮೊಮ್ಮೆ ಪೈಲ್ವಾನರು ಎದ್ದು ಹೋಗಿ ಸಾಲಿಯ ನಳದಲ್ಲಿ ಮುಖ ತೊಳೆದು ಬರುತ್ತಿದ್ದುದು ಕಾಣುತ್ತಿತ್ತು.

ಒಲ್ಲೆ ಅಂದದ್ದು ನಾನಿದ್ದಾಗಲೇ. ಒಬ್ಬ ಆಯಿ, ಮುಪ್ಪಾನ ಮುದುಕಿ, ಗಲಗಲಿಯ ಆಚೆಯ ಕೇಂದ್ರದಿಂದ ಬಸ್ಸು ಬದಲಿಸಿ ಬದಲಿಸಿ ಕ್ಯಾನು ತಂದಿದ್ದಳು. ಪಡಸಾಲೆಯಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಳು. ಪೈಲ್ವಾನರು ಅವಳ ಮುಂದೆ ಕೈ ಕಟ್ಟಿ ನಿಂತರು.

“ಆಯಿ, ಇನ್ನ ಮ್ಯಾಲ ತರಬ್ಯಾಡ ಹಾಲ.”

“ಯಾಕೋ ಎಪ್ಪಾ, ನನ್ನ ಎಮ್ಮಿ ಹಾಲ ನೀರಾಗೇತೇನ?”

“ನೀರಲ್ಲಬೇ, ಡಾಕ್ಟರ್ ಬ್ಯಾಡ ಅಂದಾರ. ಎದಿ ದಣದ ದುಖಾಪತ್ತ ಆಗೇತಿ. ಮೈ ಇಳಸಬೇಕಂತ.”

“ಮೈ ಇಳಸಾಂವ ಪೈಲ್ವಾನ ಹೆಂಗ ಆಕ್ಕಾನೋ? ನಿಮ್ಮ ಡಾಕ್ಟರ್ ಯಾವಾಗರ ಕುಸ್ತಿ ಹಿಡದಾಳೇನ?”

“ಆಯಿ, ಒಲ್ಲೆ ಬೇ,” ಎಂದರು ಪೈಲ್ವಾನರು.

ಮುದುಕಿ ಅವರ ಮುಖವನ್ನು ಎಷ್ಟೋ ಹೊತ್ತು ನೋಡಿದಳು. ತಂದ ಹಾಲು ತಿರುಗಿ ಒಯ್ಯುವ ಪದ್ಧತಿ ಅವರಲ್ಲಿಲ್ಲ. ಕ್ಯಾನನ್ನು ಅಲ್ಲೇ ಬಿಟ್ಟು, ವೈನಿ ಕೊಟ್ಟ ಚಹಾ ಮುಟ್ಟದೆ ಎದ್ದು ಹೋದಳು. ಆ ಸಂಜೆ ವೈನಿ ಆ ಹಾಲು ಕಾಸಿದರು. ಗಂಡ ಮುಂದೆ ಕೂತಿದ್ದಾಗಲೇ ಒಂದು ಲೋಟ ತಾವು ಕುಡಿದರಂತೆ, ಕೆನೆಯ ಸಮೇತ. ಮರುದಿನ ನನಗೆ ಹೇಳುವಾಗ ಅವರ ಮುಖ ಕೆಂಪಾಗಿತ್ತು. “ಅವ್ರು ನನ್ನ ನೋಡಿ ಎಷ್ಟ ನಕ್ರ ಅಂತಿ! ಹಾಲಿನ ಮೀಸಿ ಹತ್ಯಾವ ನಿನಗ ಅಂದ್ರು.”

ಆಮೇಲೆ ಬಂದ ಆರೇಳು ತಿಂಗಳು ಅವರ ಸಂಸಾರದ ಒಳ್ಳೆಯ ದಿನಗಳು. ಕ್ಯಾನುಗಳು ಬರುವುದು ನಿಂತಿತು. ಮೈ ಇಳಿಯತೊಡಗಿತು. ಕುತ್ತಿಗೆ ಕಾಣಿಸಿತು. ಕಾಲಿನ ಬಾವು ಇಳಿದು ಚಪ್ಪಲಿ ಸಡಿಲಾದವು. ಡಾಕ್ಟರಬಾಯಿ ಹೇಳಿದರೆಂದು ವೈನಿಯೂ ನಡೆಯಲು ಬಂದರು. ಇಳಿಸಲು ಅವರಲ್ಲೇನಿತ್ತು? ಆದರೂ ಸೆರಗು ಸಿಕ್ಕಿಸಿ ಮುಂದೆ ಮುಂದೆ ಹೊರಟುಬಿಡುವರು. ಪೈಲ್ವಾನರು ಹಿಂದಿನಿಂದ, “ಎಲ್ಲಿ ಓಡಾಕತ್ತಿ ಅದು, ನಾ ಒಬ್ಬಾಂವ ಇಲ್ಲೆ ಅದೀನಿ,” ಎಂದು ಕೂಗುವರು. ರಬಕವಿ ಮುಟ್ಟಿ ಬರುವವರೆಗೆ ಅವರಿಗೆ ಈಗ ಮಾತಾಡಲು ಬರುತ್ತಿತ್ತು. ನಾನೇ ಸುಮ್ಮನಾಗಿ ಹಿಂದೆ ಉಳಿಯುತ್ತಿದ್ದೆ. ಆ ವಯಸ್ಸಿನಲ್ಲಿ ಅವರಿಬ್ಬರು ಹೊಸದಾಗಿ ಮದುವೆಯಾದವರ ಹಾಗೆ ಕಂಡರು ಎಂದರೆ ನನ್ನನ್ನು ಯಾರೂ ತಪ್ಪು ತಿಳಿಯಬಾರದು.

ಕ್ಯಾನು ಬರುವುದು ನಿಂತಿತೇ ಹೊರತು ಸುದ್ದಿ ಹರಡುವುದು ನಿಂತಿರಲಿಲ್ಲ. ಪೈಲ್ವಾನ ಹಾಲು ಒಲ್ಲೆ ಅಂದ ಎಂಬ ಮಾತು ಕೇಂದ್ರದಿಂದ ಕೇಂದ್ರಕ್ಕೆ ಹೋಗಿ, ಹೋದಲ್ಲೆಲ್ಲ ಒಂದೇ ಅರ್ಥ ಆಗಿತ್ತು. ಪೈಲ್ವಾನ ಹಾಲು ಬಿಟ್ಟನೆಂದರೆ ಅವನದು ಮುಗಿಯಿತು. ಬಾಯಿಗೆ ಹಾಲು ಹೋಗದ ಸ್ಥಿತಿಗೆ ಬಂದಿದ್ದಾನೆ. ಜೀವ ಇರುವಾಗಲೇ ಒಮ್ಮೆ ಮುಖ ನೋಡಿ ಬರಬೇಕು.

ಒಂದು ಸೋಮವಾರ ಮುಂಜಾನೆ ನಮ್ಮ ಓಣಿಯಲ್ಲಿ ಟಂಟಂ ಗಾಡಿಗಳು ಬಂದು ನಿಂತವು. ಹಿಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಇನ್ನೊಂದು. ಮಗ್ಗದ ಸದ್ದಿನಲ್ಲೂ ಕೇಳುವಷ್ಟು ಗದ್ದಲ. ಹೊರಗೆ ಬಂದು ನೋಡಿದರೆ ಪೈಲ್ವಾನರ ಮನೆಯ ಮುಂದೆ ಜಾತ್ರೆ. ಮೂರೂ ಕೇಂದ್ರದವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ದಿನ ಬಂದಿದ್ದರು. ತಮ್ಮ ಊರ ದೇವರು ಬೀರಪ್ಪನ ವಾರವೆಂದು ನೋಡಿ ಹೊರಟಿದ್ದರೋ ಏನೋ. ನೀರು ಬಂದು ಚದುರಿದ ಮೇಲೆ ಅವರು ಒಂದೆಡೆ ಕೂಡಿದ್ದೇ ಇಲ್ಲವಂತೆ. ಅವಳು ಇವಳನ್ನು ತಬ್ಬಿ ಅಳುತ್ತಿದ್ದಳು. “ಲೇ, ಮುದುಕ ಆದಿಯಲ್ಲೋ!” “ನೀ ಏನ್ ವರಾ ಆಗಿ ಏನ?” ಮೇಲಿನ ಓಣಿಯವರು, ಕೆಳಗಿನ ಓಣಿಯವರು ಎಂದು ತಮಗೆ ತಿಳಿಯದೆಯೇ ಬೇರೆ ಬೇರೆ ಗುಂಪಾಗಿ ಕೂತರು. ಇಲ್ಲದ ಓಣಿಗಳು ನಮ್ಮ ಓಣಿಯಲ್ಲಿ ಬಂದು ಕೂತ ಹಾಗೆ.

ಪೈಲ್ವಾನರು ಒಳಗಿನಿಂದ ಬಂದಾಗ ಸದ್ದು ಒಮ್ಮೆಲೆ ಅಡಗಿತು. ನಾವೆಲ್ಲ ಛಲೋ ಆಗಿದ್ದಾರೆ ಎನ್ನುತ್ತಿದ್ದ ಮೈಯನ್ನು ಊರಿನವರು ಕಂಡದ್ದು ಬೇರೆ ರೀತಿ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ತಲೆಗೆ ಪಟಗ ಸುತ್ತಿದ ಹಿರಿಯರೊಬ್ಬರು ಎದ್ದು ಬಂದು ಅವರ ತೋಳನ್ನು ಹಿಡಿದು ನೋಡಿ ಬಿಟ್ಟರು.

“ಎಪ್ಪಾ ಪೈಲ್ವಾನ, ಊರ ಹೋತು, ಗುಡಿ ಹೋತು, ಗರಡಿ ಹೋತು. ಊರಂದ ಅಂತ ಕಣ್ಣಿಗಿ ಕಾಣಾಂವ ನೀ ಒಬ್ಬಾಂವ ಉಳದಿದ್ದಿ. ನೀನೂ ಹೊಂಟಿ ಏನ?”

“ಇಲ್ಲ ಕಾಕಾ, ನಾ ಆರಾಮ ಅದೀನಿ. ಖರೆ ಅಂದ್ರ ಈಗ ಆರಾಮ ಆಗೀನಿ.”

“ಆರಾಮ ಇದ್ದಾಂವ ಹಾಲ ಯಾಕ ಬಿಟ್ಟಿ?”

ಕಟ್ಟೆಯ ಮೇಲೆ ಇಷ್ಟು ದಿನ ಕಲಿತ ಮಾತು ಆ ಮಂದಿಯ ಮುಂದೆ ಹೊರಬೀಳಲಿಲ್ಲ. ಮುಂದೆ ಕೂತಿದ್ದ ಅದೇ ಆಯಿ ತೊಡೆಯ ಮೇಲಿನ ಕ್ಯಾನನ್ನು ಎತ್ತಿ ಹಿಡಿದಳು. ಅಷ್ಟು ಮಂದಿಯ ಕಣ್ಣೂ ಆ ಕ್ಯಾನಿನ ಮೇಲಿತ್ತು. ವೈನಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಗಂಡನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಪೈಲ್ವಾನರು ಅವರನ್ನು ನೋಡಿದರು, ಮಂದಿಯನ್ನು ನೋಡಿದರು, ಮತ್ತೆ ಅವರನ್ನು ನೋಡಿದರು. ಆಮೇಲೆ ಕ್ಯಾನು ಇಸಕೊಂಡು, ಮುಚ್ಚಳ ತೆಗೆದು, ತಲೆ ಹಿಂದಕ್ಕೆ ಹಾಕಿ ಗಟಗಟ ಕುಡಿದರು. ಒಮ್ಮೆಯೂ ಉಸಿರಿಗೆ ನಿಲ್ಲಲಿಲ್ಲ.

“ಭಲೇ! ಭಲೇ ಪೈಲ್ವಾನ!” ಎಂದು ಹಿರಿಯರು ತೊಡೆ ತಟ್ಟಿದರು. ಜನ ನಕ್ಕರು, ಅತ್ತರು. ಸಿಳ್ಳು ಹಾಕಿದರು. ವೈನಿ ಒಳಗೆ ಹೋದರು. ಸಂಜೆಯ ತನಕ ಇದ್ದು, ರೊಟ್ಟಿ ಬಿಚ್ಚಿ ಹಂಚಿಕೊಂಡು ಉಂಡು, ಇನ್ನು ಮೇಲೆ ಪಾಳಿ ತಪ್ಪಿಸಬಾರದು ಎಂದು ಮೂರೂ ಕೇಂದ್ರದವರು ಮಾತಾಡಿಕೊಂಡು ಗಾಡಿ ಹತ್ತಿದರು. ಇಷ್ಟು ಸಂತೋಷದ ಮಂದಿಯನ್ನು ನಾನು ನಮ್ಮ ಓಣಿಯಲ್ಲಿ ಕಂಡದ್ದಿಲ್ಲ.

ಡಾಕ್ಟರಬಾಯಿ ಸಿಟ್ಟಾಗುತ್ತಾರೆಂದು ತಿಳಿದಿದ್ದೆ. ಆಗಲಿಲ್ಲ. “ನಾ ಒಬ್ಬ ಮನಿಶ್ಯಾಗ ಔಷಧ ಕೊಡಾಕತ್ತಿದ್ನಿ ಅಂತ ತಿಳದಿದ್ನಿ,” ಎಂದರು. “ಅವ್ರೆಲ್ಲಾರನ್ನೂ ಕಟ್ಟಿ ಮ್ಯಾಲ ತಂದ ಕೂಡಸಬೇಕಾಗಿತ್ತು. ಹೊಳೀಲಿಲ್ಲ ನನಗ.”

ಕ್ಯಾನುಗಳು ಮತ್ತೆ ಬಂದವು. ಪೈಲ್ವಾನರು ನಡಿಗೆ ಬಿಡಲಿಲ್ಲ, ಆದರೆ ಮೊದಲಿನಂತೆ ನನ್ನ ಜೋಡಿ ಹಿಂದೆ ಬಿದ್ದರು. ಮಾತು ಹೋಯಿತು. ಆಮೇಲೆ ಅರ್ಧ ದಾರಿಗೆ ಕುಳಿತುಕೊಳ್ಳತೊಡಗಿದರು. ವೈನಿ ಬರುವುದನ್ನು ಬಿಟ್ಟರು. ಒಂದು ದಿನ ನಾನು ಧೈರ್ಯ ಮಾಡಿ, “ಅಣ್ಣಾರ, ವೈನಿ ಮುಖಾ ನೋಡಿಯರ ಹಾಲ ಬಿಡ್ರಿ,” ಎಂದೆ. ಮೈಲುಗಲ್ಲಿನ ಮೇಲೆ ಕುಳಿತು ಉಸಿರು ತೆಗೆದುಕೊಳ್ಳುತ್ತ, “ಆಕಿಗೆ ನಾ ಏನೂ ಕೊಡಲಿಲ್ಲ ತಂಗಿ,” ಎಂದರು. “ಇದ್ದದ್ದ ಎಲ್ಲಾ ಊರಂದ ಇತ್ತು.” ಎದ್ದು ಮನೆಯ ಕಡೆ ತಿರುಗಿದರು.

ಬೇಸಿಗೆ ಬರುವ ಮೊದಲೇ ಹೋದರು. ನಸುಕಿಗೆ ನಡಿಗೆಗೆಂದು ಎದ್ದು ಧೋತರ ಕಟ್ಟುತ್ತಿದ್ದವರು ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿದರಂತೆ.

ಮಧ್ಯಾಹ್ನದ ಹೊತ್ತಿಗೆ ಮೂರೂ ಕೇಂದ್ರದವರು ಬಂದು ಮುಟ್ಟಿದರು. ಸ್ವಲ್ಪ ಹೊತ್ತಿನ ಅಳುವಿನ ನಂತರ ಅಂಗಳದಲ್ಲಿ ದನಿ ಏರತೊಡಗಿತು. ಮಣ್ಣು ಎಲ್ಲಿ ಕೊಡಬೇಕೆಂಬುದರ ಮೇಲೆ ಜಗಳ. ನಮ್ಮಲ್ಲಿ ಒಯ್ಯುತ್ತೇವೆ, ಗರಡಿಮನೆ ಕಟ್ಟಿ ಅದರ ಮುಂದೆ ಗದ್ದುಗೆ ಮಾಡುತ್ತೇವೆ ಎಂದು ಇವರು. ಗರಡಿಯ ಮಣ್ಣು ಬಂದದ್ದು ನಮ್ಮ ಕೇಂದ್ರಕ್ಕೆ, ಪೈಲ್ವಾನನೂ ನಮ್ಮವನೇ ಎಂದು ಅವರು. ಹೆಣವನ್ನು ನಡುವೆ ಇಟ್ಟುಕೊಂಡು ಹಿರಿಯರು ಒಬ್ಬರ ಮೇಲೊಬ್ಬರು ಏರಿ ಹೋಗುವಷ್ಟು ಆಯಿತು. ಟ್ರ್ಯಾಕ್ಟರಿನ ಎಂಜಿನ್ನನ್ನು ಒಬ್ಬ ಚಾಲೂ ಮಾಡಿಯೇ ಬಿಟ್ಟ.

ಅಲ್ಲಿಯವರೆಗೆ ತಲೆಯ ಬಳಿ ಸುಮ್ಮನೆ ಕೂತಿದ್ದ ವೈನಿ ಎದ್ದು ಹೊಸ್ತಿಲಿಗೆ ಬಂದರು. ಆ ಗುಬ್ಬಿಯಂಥ ಹೆಂಗಸು ಬಾಗಿಲು ತುಂಬ ನಿಂತಂತೆ ನನಗೆ ಕಂಡಿತು.

“ಮದವಿ ಆದ ದಿನದಿಂದ ಈ ಮೈ ನಿಮ್ಮದ ಇತ್ತು,” ಎಂದರು. ದನಿ ಏರಿಸಲಿಲ್ಲ. “ನೀವ ಬೆಳಿಸಿದ್ರಿ, ನೀವ ಹೊಡದಾಡಿಸಿದ್ರಿ. ನಾ ಒಂದ ದಿನಾ ಕೇಳಲಿಲ್ಲ. ಜೀವ ಇರೂ ತನಕಾ ಅಂವ ನಿಮ್ಮಾಂವ ಇದ್ದ. ಈಗರ ನನಗ ಬಿಡ್ರಿ.”

ಗಂಡನನ್ನು ಅವರು ‘ಅಂವ’ ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಯಾರೋ ಟ್ರ್ಯಾಕ್ಟರಿನ ಎಂಜಿನ್ನು ಬಂದ್ ಮಾಡಿದರು. ವೈನಿ ಒಳಗಿದ್ದವರನ್ನೆಲ್ಲ ಕೈ ಸನ್ನೆಯಿಂದ ಹೊರಗೆ ಕಳಿಸಿದರು, ನನ್ನನ್ನೂ. ಬಾಗಿಲು ಮುಚ್ಚಿಕೊಂಡರು. ಹೊರಗೆ ಊರಿಗೆ ಊರೇ ಬಿಸಿಲಿನಲ್ಲಿ ನಿಂತುಕೊಂಡಿತ್ತು.